ಕೊನೆಯ ಎಳೆತದ ಸದ್ದು

ಜನವರಿ 12

ಮೇಸ್ತ್ರಿಯವರಿಗೆ,

ಈಗ ಸಂಜೆ ಐದೂಮುಕ್ಕಾಲು. ಇವತ್ತು ಆಸ್ಪತ್ರೆಯ ಅಡುಗೆಮನೆಯಲ್ಲಿ ಇನ್ನೂರು ಜನಕ್ಕೆ ತರಕಾರಿ ಹೆಚ್ಚಿದೆ. ಕ್ಯಾರೆಟ್, ಈರುಳ್ಳಿ, ಮತ್ತೆ ಕ್ಯಾರೆಟ್. ಮನೆಗೆ ಬಂದು ಬಟ್ಟೆ ನೆನೆಸಿಟ್ಟು ಹಿಂದಿನ ಕೋಣೆಯ ಬೀಗ ತೆಗೆದೆ. ನಮ್ಮ ಯಜಮಾನರು ಹೋದ ಮೇಲೆ ಅದನ್ನು ತೆಗೆದದ್ದು ಇದು ಎರಡನೆಯ ಸಲ.

ಫೋನ್ ಮಾಡಬಹುದಿತ್ತು. ನಿಮ್ಮ ದನಿ ಕೇಳಿದರೆ ನಾನು ಏನಾದರೂ ಅಂದುಬಿಡುತ್ತೇನೆ. ಅದಕ್ಕೇ ಕಾಗದ.

ಕೋಣೆಯಲ್ಲಿ ಅವರು ಜೋಡಿಸುತ್ತಿದ್ದ, ಅಲಗು ಸವೆಸುವ ಬೆಲ್ಟ್ ಗ್ರೈಂಡರ್ ಇದೆ. ನಿಮ್ಮ ಚಾಕು ಶೆಡ್ಡಿನ ಕೆಲಸ ಬಿಟ್ಟು ಈ ಊರಿಗೆ ಬಂದ ಮೇಲೆ, ಉಸಿರು ಸ್ವಲ್ಪ ಹಗುರಾದ ದಿನಗಳಲ್ಲಿ, ಕುರ್ಚಿ ಹಾಕಿಕೊಂಡು ಕೂತು ಒಂದೊಂದೇ ಸೇರಿಸಿದ್ದರು. ಕಬ್ಬಿಣದ ಕಟ್ಟು ಮುಗಿದಿದೆ. ಮೋಟಾರು ಕೂತಿದೆ. ಮೂರು ಗಾಲಿ, ಒಂದು ಸ್ಪ್ರಿಂಗು, ಪೇಪರಿನಲ್ಲಿ ಸುತ್ತಿಟ್ಟ ಆರು ಉಪ್ಪುಕಾಗದದ ಬೆಲ್ಟು. ಧೂಳು ಎಳೆಯುವ ಫ್ಯಾನು ಮಾತ್ರ ಇನ್ನೂ ಡಬ್ಬಿಯಲ್ಲೇ ಇದೆ. ಇವುಗಳಲ್ಲಿ ಅವರು ಮೊದಲು ಕೊಂಡು ತಂದದ್ದು ಆ ಫ್ಯಾನನ್ನೇ. “ದಿನಾ ಹೆಚ್ಚೋಳಿಗೆ ಒಂದು ಚಾಕು ಮಾಡೋಕ್ಕೂ ಬರಬೇಕು, ಕಲಿಸ್ತೀನಿ ಇರು” ಅನ್ನುತ್ತಿದ್ದರು. ಕಲಿಸಲಿಲ್ಲ. ನನಗೆ ಈ ಕೆಲಸ ಗೊತ್ತಿರುವವರು ಅಂತ ಉಳಿದಿರುವುದು ನೀವೊಬ್ಬರೇ. ಎಲ್ಲಿಂದ ಶುರು ಮಾಡಬೇಕು, ಬರೆಯಿರಿ.

ಇನ್ನೊಂದು ಮಾತು ಹೇಳದೆ ಮುಚ್ಚಿದರೆ ಸುಳ್ಳಾಗುತ್ತದೆ. ಅವರ ಸಾವಿನ ವಿಚಾರಣೆಗೆ ನೀವು ಸಹಿ ಹಾಕಿಕೊಟ್ಟ ಹೇಳಿಕೆಯ ಪ್ರತಿ ನನ್ನ ಹತ್ತಿರ ಇದೆ. “ಧೂಳು ಎಳೆಯುವ ಫ್ಯಾನು ಸದಾ ಸುಸ್ಥಿತಿಯಲ್ಲಿತ್ತು. ಮೃತರು ತಮ್ಮ ಇಚ್ಛೆಯಿಂದಲೇ ಅದನ್ನು ಆರಿಸುತ್ತಿದ್ದರು. ಹಲವು ಬಾರಿ ಎಚ್ಚರಿಕೆ ನೀಡಲಾಗಿತ್ತು.” ನನಗೆ ಸರ್ಕಾರಿ ಕಾಗದ ಬೇಗ ಓದಲು ಬರುವುದಿಲ್ಲ ಅಂತ ಪುಟ್ಟಿ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, “ಹಾಗಾದ್ರೆ ಅಪ್ಪ ಆ ಎದೆ ಕಾಯಿಲೆನ ಬೇಕಂತಲೇ ತಂದ್ಕೊಂಡಿದ್ದು. ನಾವಿಬ್ರು ಮನೇಲಿ ಇದೀವಿ ಅನ್ನೋದು ನೆನಪೇ ಇರ್ಲಿಲ್ಲ ಅವರಿಗೆ” ಅಂದಳು. ಅವತ್ತಿನಿಂದ ಅವಳು ಅಪ್ಪನ ಮಾತೇ ಎತ್ತುವುದಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಾಳೆ. ಈಗ ನರ್ಸಿಂಗ್ ಹಾಸ್ಟೆಲ್ಲಿನಲ್ಲಿದ್ದಾಳೆ.

ಇಪ್ಪತ್ತೊಂದು ವರ್ಷ ಅವರ ಜೊತೆ ಇದ್ದೆ. ಬಿಸಿ ಪಾತ್ರೆಯನ್ನು ಎರಡು ಸಲ ಬಟ್ಟೆ ಸುತ್ತದೆ ಮುಟ್ಟುತ್ತಿರಲಿಲ್ಲ. ಅಂಥವರು ಸುಮ್ಮಸುಮ್ಮನೆ ಫ್ಯಾನು ಆರಿಸಿದರು ಅಂದರೆ ನಾನು ನಂಬುವುದಿಲ್ಲ. ಆದರೆ ಈ ಕಾಗದದಲ್ಲಿ ಅದನ್ನು ಕೇಳುವುದಿಲ್ಲ. ಮೆಷೀನಿನ ಬಗ್ಗೆ ಮಾತ್ರ ಕೇಳಿದ್ದೇನೆ.

ನಾಳೆ ನನಗೆ ಮಧ್ಯಾಹ್ನದ ಪಾಳಿ.

ಇಂತಿ,
ನಿಮ್ಮ ಶೆಡ್ಡಿನ ನಾಲ್ಕನೇ ಮೇಜಿನವರ ಹೆಂಡತಿ


ಜನವರಿ 27

ತಂಗಿಗೆ,

ಮೇಲೆ “ಮೇಸ್ತ್ರಿಯವರಿಗೆ” ಅಂತ ಬರೆದಿದ್ದೀಯ. ಆಗಲಿ. ಶೆಡ್ಡಿನಲ್ಲಿ ಹಾಗೆ ಕರೆಯುವವರು ಹದಿನೆಂಟು ಜನ ಇದ್ದಾರೆ, ನಿನ್ನನ್ನು ಸೇರಿಸಿ ಹತ್ತೊಂಬತ್ತು ಅಂದುಕೊಳ್ಳುತ್ತೇನೆ.

ಚಾಕುವಿನ ಮಾತು ಆಮೇಲೆ. ಮೊದಲು ಮೆಷೀನು ಅಲುಗಾಡದೆ ನಿಲ್ಲಬೇಕು. ದಪ್ಪ ಹಲಗೆಯ ಮೇಜಿಗೆ ನಾಲ್ಕು ಬೋಲ್ಟು ಹಾಕಿಸು. ಮೊಳೆ ಹೊಡೆಸಬೇಡ. ಮೇಲೆ ಒಂದು ನೀರು ತುಂಬಿದ ಲೋಟ ಇಟ್ಟು ಮೋಟಾರು ಓಡಿಸಿದರೆ ನೀರು ತುಳುಕಬಾರದು, ಅಷ್ಟು.

ಬೆಲ್ಟಿನ ಒಳಮೈಯಲ್ಲಿ ಬಾಣದ ಗುರುತು ಇರುತ್ತದೆ. ಬೆಲ್ಟು ಆ ಕಡೆಗೇ ಓಡಬೇಕು. ನೀನು ಎದುರು ನಿಂತರೆ ಅದು ಮೇಲಿನಿಂದ ಕೆಳಕ್ಕೆ ಇಳಿಯಬೇಕು, ಕಿಡಿ ಕಾಲಿನ ಕಡೆ ಬೀಳಬೇಕು. ಕರೆಂಟು ಕೊಡುವ ಮೊದಲು ಬೆಲ್ಟನ್ನು ಕೈಯಲ್ಲೇ ಎಳೆದು ತಿರುಗಿಸಿ ನೋಡು. ಮೇಲಿನ ಗಾಲಿಯ ಹಿಂದೆ ಒಂದು ತಿರುಪು ಇದೆ. ಕಾಲು ಸುತ್ತು ತಿರುಗಿಸು, ಎಳೆ. ಮತ್ತೆ ಕಾಲು ಸುತ್ತು, ಎಳೆ. ಬೆಲ್ಟು ಗಾಲಿಯ ನಟ್ಟನಡುವೆ ನಿಂತ ಮೇಲೆ ಮೋಟಾರು. ಮೊದಲ ಸಲ ಹಾಕುವಾಗ ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ನಿಲ್ಲು.

ಕೈಗವಸು ಹಾಕಬೇಡ. ಹೊಸಬರೆಲ್ಲ ಕೈ ಸುಟ್ಟೀತು ಅಂತ ಹಾಕಿಕೊಳ್ಳುತ್ತಾರೆ. ಬೆಲ್ಟು ಬಟ್ಟೆಯ ತುದಿ ಹಿಡಿದರೆ ಜೊತೆಗೆ ಬೆರಳನ್ನೂ ಕರೆದುಕೊಂಡು ಹೋಗುತ್ತದೆ. ಕೂದಲು ಬಿಗಿಯಾಗಿ ಕಟ್ಟು, ಸೆರಗು ಗಿರಗು ಇಟ್ಟುಕೊಂಡು ಹತ್ತಿರ ಹೋಗಬೇಡ, ಅವನ ಹಳೆಯ ಅಂಗಿ ಹಾಕಿಕೋ. ಪಕ್ಕದಲ್ಲೇ ಒಂದು ಬಕೆಟ್ ನೀರು. ಅಲಗು ಬೆರಳಿಗೆ ಬಿಸಿ ಅನ್ನಿಸಿತೋ, ನೀರಿಗೆ ಅದ್ದು. ಉಕ್ಕಿಗೆ ನೀಲಿ ಬಣ್ಣ ಬಂದರೆ ಹದ ಹೋಯಿತು ಅಂತ ಅರ್ಥ, ಆಮೇಲೆ ಅದು ತಗಡು.

ಫ್ಯಾನನ್ನು ಕಿಟಕಿಗೆ ಕೂರಿಸು. ಮೆಷೀನಿನ ಕೆಳಗಿನಿಂದ ಕೊಳವೆ ಕೊಡು. ಮಾಸ್ಕು ಕಟ್ಟದೆ ಕೋಣೆಯೊಳಗೆ ಕಾಲಿಡಬೇಡ.

ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಅದು ಮೆಷೀನಿನ ಮಾತಲ್ಲ.

ನಿನ್ನ ಅಣ್ಣ


ಫೆಬ್ರುವರಿ 15

ಮೇಸ್ತ್ರಿಯವರಿಗೆ,

ಮಧ್ಯಾಹ್ನ ಎರಡೂವರೆ. ಭಾನುವಾರ. ಬೆಳಿಗ್ಗೆ ಪುಟ್ಟಿ ಬಂದಿದ್ದಳು, ಊಟ ಮಾಡದೆ ಹೋದಳು.

ಮೆಷೀನು ಓಡಿತು. ಮೊದಲ ದಿನ ಉಲ್ಟಾ ಓಡಿತು. ಬೆಲ್ಟು ಕೆಳಗಿನಿಂದ ಮೇಲಕ್ಕೆ ಹತ್ತಿ ಕಿಡಿಯೆಲ್ಲ ಕನ್ನಡಕಕ್ಕೆ ಬಡಿಯಿತು. ವೈರಿಂಗಿನವನನ್ನು ಕರೆಸಿದೆ. ಅವನು ಕೂತು ಮೋಟಾರಿನ ಮುಚ್ಚಳ ಬಿಚ್ಚುತ್ತಾ, “ಏನಕ್ಕಾ, ಯಾರ್ ಮೇಲೆ ಇಷ್ಟು ಸಿಟ್ಟು? ಅಂಗಡೀಲಿ ಸಿಗೋ ಚಾಕು ಸಾಲ್ದಾ?” ಅಂದ. “ಕ್ಯಾರೆಟ್ ಮೇಲೆ” ಅಂದೆ. ನಕ್ಕು ನಕ್ಕು ಸ್ಕ್ರೂ ಬೀಳಿಸಿಕೊಂಡ. ಈ ಮನೆಯಲ್ಲಿ ಯಾರಾದರೂ ನಕ್ಕು ಎಷ್ಟು ದಿನವಾಗಿತ್ತು ಅಂತ ಅವನು ಹೋದ ಮೇಲೆ ಲೆಕ್ಕ ಹಾಕಿದೆ, ಸಿಗಲಿಲ್ಲ.

ಆಮೇಲೆ ತಿರುಪು ಜಾಸ್ತಿ ತಿರುಗಿಸಿ ಒಂದು ಬೆಲ್ಟು ಹಾರಿ ಗೋಡೆಗೆ ಹೊಡೆಯಿತು. ಪಕ್ಕಕ್ಕೆ ನಿಂತಿದ್ದೆ. ಮೆತ್ತನೆಯ ಕಬ್ಬಿಣದ ಪಟ್ಟಿಗಳ ಮೇಲೆ ಕೈ ಪಳಗಿಸುತ್ತಿದ್ದೇನೆ. ಏಳು ಕೆಟ್ಟವು. ಹಿಡಿಯ ಕಡೆ ದಪ್ಪ, ತುದಿಯ ಕಡೆ ಕಾಗದ. ಬಲ ಮಗ್ಗುಲು ಒಂದು ತರಹ ಸವೆದರೆ ಎಡ ಮಗ್ಗುಲು ಇನ್ನೊಂದು ತರಹ. ಎರಡು ಕಡೆಯೂ ಒಂದೇ ಸಮ ಬರಲು ಏನು ಮಾಡಬೇಕು?

ಪುಟ್ಟಿ ಬಾಗಿಲಲ್ಲೇ ನಿಂತಳು. “ಅಮ್ಮಾ, ಇದೇನಿದು? ಅಪ್ಪನ್ನ ತಿಂದಿದ್ದು ಸಾಲ್ಲಿಲ್ವಾ ಇದಕ್ಕೆ?”

“ಮಾಸ್ಕ್ ಹಾಕ್ಕೊಂಡಿದೀನಿ ಕಣೇ. ಫ್ಯಾನೂ ಇದೆ.”

“ಅಪ್ಪಂಗೂ ಇತ್ತು ಫ್ಯಾನು. ಮಾವನೇ ಬರೆದುಕೊಟ್ಟಿದ್ದಾರಲ್ಲ.”

ನೀವು ಬರೆದದ್ದು ಈಗ ನನ್ನ ಮನೆಯಲ್ಲಿ ಹೀಗೆ ಓಡಾಡುತ್ತಿದೆ. ಗೊತ್ತಿರಲಿ ಅಂತ ತಿಳಿಸಿದೆ.

ನಾಳೆ ಕಬ್ಬಿಣದ ಅಂಗಡಿಗೆ ಹೋಗಿ ಇನ್ನು ಹತ್ತು ಪಟ್ಟಿ ತರುತ್ತೇನೆ.

ಇಂತಿ,
ಪುಟ್ಟಿಯ ತಾಯಿ


ಮಾರ್ಚ್ 4

ತಂಗಿಗೆ,

ಏಳು ಕೆಡಿಸಿದ್ದೀಯ ಅಂತ ಬೇಜಾರು ಮಾಡಿಕೊಳ್ಳಬೇಡ. ನಾನು ನಲವತ್ತು ಕೆಡಿಸಿದ್ದೆ.

ನೀನು ಬಹುಶಃ ಕೈ ಆಡಿಸುತ್ತಿದ್ದೀಯ. ಕೈ ಆಡಬಾರದು. ಎರಡು ಮೊಣಕೈಯನ್ನೂ ಪಕ್ಕೆಗೆ ಒತ್ತಿ ಹಿಡಿದು, ಸೊಂಟದಿಂದ ಮೇಲಿನ ಇಡೀ ಮೈ ಪಕ್ಕಕ್ಕೆ ವಾಲಬೇಕು, ಹಿಡಿಯ ಕಡೆಯಿಂದ ತುದಿಯ ಕಡೆಗೆ. ಅದನ್ನೇ ನಾವು ಒಂದು ಎಳೆತ ಅನ್ನುವುದು. ಅಲಗಿನ ಬಾಯಿಗೆ, ಅಂದರೆ ಹೆಚ್ಚುವ ಅಂಚಿಗೆ ಮಾರ್ಕರ್ ಹಚ್ಚಿ, ನಡುಮಧ್ಯೆ ಎರಡು ಗೆರೆ ಗೀರಿಕೋ. ಆ ಗೆರೆಯವರೆಗೆ ಮಾತ್ರ ಸವೆಸು. ಬಲಕ್ಕೆ ಒಂದು ಎಳೆತವಾದರೆ ಎಡಕ್ಕೂ ಒಂದು. ಒಂದೇ ಮಗ್ಗುಲಿಗೆ ಮೂರು ನಾಲ್ಕು ಮಾಡಿ ಆಮೇಲೆ ಇನ್ನೊಂದು ಮಗ್ಗುಲು ನೋಡಿಕೊಳ್ಳುತ್ತೇನೆ ಅಂದರೆ ಅಲಗು ಸೊಟ್ಟಗಾಗುತ್ತದೆ.

ಬಾಯಿಯನ್ನು ತೆಳು ಮಾಡುವ ಕೊನೆಯ ಎಳೆತ ಮೆಷೀನಿನ ಮೇಲೆ ಬೇಡ. ನಾಣ್ಯದಷ್ಟು ದಪ್ಪ ಉಳಿಸಿ, ಮಿಕ್ಕಿದ್ದನ್ನು ಸಾಣೆಕಲ್ಲಿನ ಮೇಲೆ ಕೈಯಲ್ಲೇ ಉಜ್ಜು. ನಿಧಾನವಾದರೂ ಪರವಾಗಿಲ್ಲ. ಯಾಕೆ ಅಂತ ಕೇಳಬೇಡ.

ಪುಟ್ಟಿಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ.

ಅಣ್ಣ


ಮಾರ್ಚ್ 29

ಮೇಸ್ತ್ರಿಯವರಿಗೆ,

ಸಂಜೆ ನಾಲ್ಕು ಗಂಟೆ. ಬೆಳಿಗ್ಗೆಯಿಂದ ಎರಡು ಅಲಗು ಮಾಡಿದೆ. ಕೈ ತೊಳೆದು, ಕೂತು, ಎದ್ದು, ಮತ್ತೆ ಕೂತು ಇದನ್ನು ಬರೆಯುತ್ತಿದ್ದೇನೆ.

ನೀವು ಬೇಡ ಅಂದ ಕೊನೆಯ ಎಳೆತವನ್ನು ನಾನು ಮೆಷೀನಿನ ಮೇಲೆಯೇ ಮಾಡುತ್ತಿದ್ದೆ. ಪ್ರತಿ ಸಲ ಜಾಸ್ತಿಯಾಗಿ ಅಂಚು ಸುಡುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಅಂತ ಕಣ್ಣಿಗೆ ಕಾಣುವುದಿಲ್ಲ, ಕಂಡಾಗ ತಡವಾಗಿರುತ್ತದೆ. ಇವತ್ತು ಬೆಳಿಗ್ಗೆ ಮೇಜಿನ ನಡುಕಕ್ಕೆ ಫ್ಯಾನಿನ ಪ್ಲಗ್ಗು ತಾನಾಗಿ ಕಳಚಿ ಬಿತ್ತು. ಅಲಗು ಆಗ ಬೆಲ್ಟಿನ ಮೇಲಿತ್ತು.

ಫ್ಯಾನು ನಿಂತಿತು. ಮೊದಲ ಸಲ ನನಗೆ ಉಕ್ಕಿನ ಸದ್ದು ಕೇಳಿಸಿತು. ಅಷ್ಟು ದಿನ ಫ್ಯಾನಿನ ಅಬ್ಬರದಲ್ಲಿ ಅದು ಇದೆ ಅಂತಲೇ ಗೊತ್ತಿರಲಿಲ್ಲ. ದಪ್ಪಗೆ ಗರಗರ ಅನ್ನುತ್ತಿದ್ದದ್ದು ಅಂಚು ತೆಳುವಾದ ಹಾಗೆ ಸಣ್ಣಗಾಗುತ್ತಾ ಬಂದು, ಹಾಲು ಉಕ್ಕುವ ಮುಂಚೆ ಪಾತ್ರೆಯ ಬದಿಯಲ್ಲಿ ಸುಯ್ಯೆನ್ನುತ್ತದಲ್ಲ, ಹಾಗಾಯಿತು. ಕೈ ತಾನಾಗಿ ಎತ್ತಿತು. ನೋಡಿದರೆ ಹಿಡಿಯಿಂದ ತುದಿಯವರೆಗೆ ಒಂದೇ ಸಮ. ಇಷ್ಟು ದಿನದಲ್ಲಿ ಸರಿಯಾಗಿ ಬಂದ ಮೊದಲ ಅಲಗು.

ಪ್ಲಗ್ಗು ಕಾಲ ಹತ್ತಿರವೇ ಬಿದ್ದಿತ್ತು. ಮತ್ತೆ ಹಾಕಲು ಮನಸ್ಸಾಗಲಿಲ್ಲ. ಎರಡನೆಯ ಅಲಗಿಗೂ ಹಾಗೇ ಮೂರು ಎಳೆತ ಮಾಡಿದೆ. ಇದು ನಾನು! ಆ ಧೂಳು ಏನು ಮಾಡುತ್ತದೆ ಅಂತ ಒಂದೂವರೆ ವರ್ಷ ಹಾಸಿಗೆಯ ಪಕ್ಕ ಕೂತು ನೋಡಿದವಳು. ಆಮೇಲೆ ಎಲ್ಲ ಆರಿಸಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಶೆಡ್ಡಿನಲ್ಲಿ ಅವರನ್ನು “ವಿದ್ವಾನ್” ಅಂತ ಕರೆಯುತ್ತಿದ್ದರಂತೆ. “ಏನ್ ವಿದ್ವಾಂಸರೇ, ಇವತ್ತು ರಾಗ ಹೇಗಿದೆ?” ಅಂತ ಕಿಚಾಯಿಸುತ್ತಾರೆ ಅಂತ ಮನೆಗೆ ಬಂದು ನಗುತ್ತಾ ಹೇಳುತ್ತಿದ್ದರು. ಒಂದು ಹಾಡನ್ನೂ ನೆಟ್ಟಗೆ ಗುನುಗಲು ಬಾರದ ಮನುಷ್ಯನಿಗೆ ಆ ಹೆಸರು ಯಾಕೆ ಅಂತ ನಾನು ಕೇಳಿರಲಿಲ್ಲ. ಇವತ್ತು ಗೊತ್ತಾಯಿತು.

ಅವರು ಫ್ಯಾನು ಆರಿಸಿದ್ದು ನಿಜ. ಒಪ್ಪಿದೆ. ಸದ್ದು ಕೇಳಲು ಆರಿಸಿದರು. ಆದರೆ ನನಗೆ ಪ್ಲಗ್ಗು ತಾನಾಗಿ ಕಳಚಿತು. ಅವರಿಗೆ ಯಾರು ಹೇಳಿಕೊಟ್ಟರು?

ಇದು ಮೆಷೀನಿನ ಮಾತೇ. ಉತ್ತರ ಬರೆಯಿರಿ.

ನಾಳೆ ಅಡುಗೆಮನೆಯಲ್ಲಿ ತಪಾಸಣೆ ಇದೆ, ಐದೂವರೆಗೇ ಹೋಗಬೇಕು.

ಇಂತಿ,
ಪುಟ್ಟಿಯ ತಾಯಿ


ಏಪ್ರಿಲ್ 20

ಮೇಸ್ತ್ರಿಯವರಿಗೆ,

ಬೆಳಿಗ್ಗೆ ಹನ್ನೊಂದು. ಮನೆ ಗುಡಿಸಿದೆ. ಅಂಚೆಯವನು ದಾಟಿ ಹೋದ, ನಿಲ್ಲಲಿಲ್ಲ.

ಮೂರು ವಾರವಾಯಿತು. ನೀವು ಉತ್ತರ ಕೊಡದೆ ಇರುವುದನ್ನೇ ನಾನು ದಿನಾ ಓದುತ್ತಿದ್ದೇನೆ.

ನಾಳೆ ಮತ್ತೆ ಅಂಚೆಯವನು ಇದೇ ಹೊತ್ತಿಗೆ ಬರುತ್ತಾನೆ.

ಪುಟ್ಟಿಯ ತಾಯಿ


ಮೇ 5

ತಂಗಿ,

ನಾನು ಹೇಳಿಕೊಟ್ಟೆ.

ಇದನ್ನು ಬರೆಯಲು ಐದು ವಾರ ಬೇಕಾಯಿತು. ಈಗ ಬರೆದಾಯಿತಲ್ಲ, ಮಿಕ್ಕಿದ್ದನ್ನೂ ಬರೆಯುತ್ತೇನೆ.

ಅವನು ಬಂದ ಮೊದಲ ವಾರ ದಿನಕ್ಕೆ ಇಪ್ಪತ್ತು ಅಲಗು ಸುಡುತ್ತಿದ್ದ. ಮ್ಯಾನೇಜರು ತೆಗೆದುಹಾಕುತ್ತೇನೆ ಅಂದರು. ತಂಗಿಯ ಗಂಡನನ್ನು ತಂದು ಸೇರಿಸಿದವನು ನಾನು, ನನಗೆ ಅವಮಾನ. ಒಂದು ಮಧ್ಯಾಹ್ನ ಅವನ ಹಿಂದೆ ನಿಂತು, ಅವನ ಕೈ ಹಿಡಿದುಕೊಂಡು ಹೋಗಿ ಸ್ವಿಚ್ಚಿನ ಮೇಲೆ ಇಟ್ಟು ಆರಿಸಿದೆ. “ಭಾವ, ಕಣ್ಣಲ್ಲಿ ನೋಡ್ಬೇಡ. ಈಗ ಕೇಳು” ಅಂದೆ. ಅವನು ಕೇಳಿದ. ನನಗಿಂತ ಚೆನ್ನಾಗಿ ಕೇಳಿದ. ವರ್ಷ ತುಂಬುವುದರೊಳಗೆ ಶೆಡ್ಡಿನಲ್ಲಿ ಅವನ ಕೈಗೆ ಸಮ ಯಾರೂ ಇರಲಿಲ್ಲ.

ನನಗೂ ಹಾಗೆಯೇ ಹೇಳಿಕೊಟ್ಟಿದ್ದರು, ನನ್ನ ಮೇಸ್ತ್ರಿ. ಕೊನೆಯ ಎಳೆತಕ್ಕೆ ಮಾತ್ರ ಆರಿಸಬೇಕು, ಆಮೇಲೆ ಹಾಕಬೇಕು ಅನ್ನುವುದು ನಿಯಮ. ದಿನಕ್ಕೆ ಇನ್ನೂರು ಅಲಗು, ಇನ್ನೂರು ಸಲ ಆರಿಸಿ ಇನ್ನೂರು ಸಲ ಯಾರು ಹಾಕುತ್ತಾರೆ? ಬೆಳಿಗ್ಗೆ ಆರಿಸಿದರೆ ಸಂಜೆಯವರೆಗೆ ಹಾಗೇ. ಫ್ಯಾನು ಹಾಕಿಕೊಂಡು ಕೆಲಸ ಮಾಡುವವನನ್ನು ನಾವು “ಕಿವುಡ” ಅಂತ ಆಡಿಕೊಳ್ಳುತ್ತಿದ್ದೆವು. ನಾನೂ ಆಡಿಕೊಂಡಿದ್ದೇನೆ, ಮೇಸ್ತ್ರಿಯಾದ ಮೇಲೂ.

ಎಚ್ಚರಿಕೆ ಕೊಟ್ಟಿದ್ದೆ ಅನ್ನುವುದು ಸುಳ್ಳು. ಒಂದು ಸಲವೂ ಕೊಟ್ಟಿಲ್ಲ.

ಹೇಳಿಕೆಯನ್ನು ಮ್ಯಾನೇಜರು ಟೈಪು ಮಾಡಿಸಿಯೇ ಇಟ್ಟಿದ್ದರು. “ಸಹಿ ಹಾಕಿ ಮೇಸ್ತ್ರಿ. ಇಲ್ದಿದ್ರೆ ಅವರಿಗೆ ಇದನ್ನ ಕಲಿಸಿದ್ದು ಯಾರು ಅಂತ ಕೇಳ್ತಾರೆ” ಅಂದರು. ಹೆದರಿ ಹಾಕಿದೆ ಅಂದರೆ ಅರ್ಧ ಸತ್ಯ. ನಾನು ಮೂವತ್ತೊಂದು ವರ್ಷ ಫ್ಯಾನು ಆರಿಸಿ ಕೂತವನು. ಈಗ ಮನೆಯ ಮಹಡಿ ಹತ್ತುವಾಗ ನಡುವೆ ಎರಡು ಸಲ ನಿಲ್ಲುತ್ತೇನೆ. ಎಕ್ಸ್-ರೇ ತೆಗೆಸಿಲ್ಲ. ಆ ಧೂಳಿನಿಂದಲೇ ಅವನು ಸತ್ತ, ಆ ಕೆಲಸವೇ ಹಾಗೆ ಅಂತ ಬರೆದುಕೊಟ್ಟರೆ ನನ್ನದನ್ನೂ ನಾನೇ ಬರೆದುಕೊಟ್ಟ ಹಾಗೆ. ಅವನು ತಪ್ಪು ಮಾಡಿದ ಅಂತ ಬರೆದರೆ ನಾನು ಉಳಿಯುತ್ತೇನೆ ಅನ್ನಿಸಿತು. ಇಷ್ಟೇ ನನ್ನ ಬುದ್ಧಿ.

ಇವತ್ತಿಗೂ ಐದು ಜನ ಆರಿಸಿಯೇ ಕೂರುತ್ತಾರೆ. ದಿನಾ ಅವರ ಹಿಂದೆ ಓಡಾಡುತ್ತೇನೆ. ಹಾಕಿ ಅಂದರೆ ಯಾಕೆ ಅಂತ ಕೇಳುತ್ತಾರೆ. ಮುಂದಿನ ಮೇಜಿಗೆ ಹೋಗುತ್ತೇನೆ.

ನಿನಗೆ ಹೇಳಬೇಕಿತ್ತು, ಹೇಳಿದೆ. ಕಚೇರಿಗೆ ಹೋಗಿ ಹೇಳಿಕೆ ಬದಲಾಯಿಸು ಅಂತ ಮಾತ್ರ ಕೇಳಬೇಡ, ನನ್ನಿಂದ ಆಗುವುದಿಲ್ಲ. ಈ ಕಾಗದವನ್ನು ಪುಟ್ಟಿಗೆ ಕೊಡಬೇಡ. ಅವಳು ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಶೆಡ್ಡು ನೋಡಿದವಳು.

ಅಣ್ಣ


ಮೇ 17

ಅಣ್ಣಾ,

ಮಧ್ಯಾಹ್ನ ಮೂರು ಗಂಟೆ, ಭಾನುವಾರ. ಪುಟ್ಟಿ ನಿನ್ನೆ ಸಂಜೆಯೇ ಬಂದಳು. ರಾತ್ರಿ ಇಬ್ಬರೂ ಬೇಗ ಮಲಗಿದೆವು. ಬೆಳಿಗ್ಗೆ ತಿಂಡಿಯಾದ ಮೇಲೆ ನಿನ್ನ ಕಾಗದ ಕೊಟ್ಟೆ. ಕೊಡಬೇಡ ಅಂತ ನೀನು ಅಂದಿದ್ದೆ. ಕೊಟ್ಟೆ.

ಎರಡು ಸಲ ಓದಿದಳು. ಮಡಿಸಿ ಮೇಜಿನ ಮೇಲಿಟ್ಟಳು. ಅಳುತ್ತಾಳೆ ಅಂದುಕೊಂಡಿದ್ದೆ. “ಸರಿ, ಮಾವ ಹೇಳಿಕೊಟ್ರು. ಹದಿನಾರು ವರ್ಷ ದಿನಾ ಬೆಳಿಗ್ಗೆ ಆರಿಸಿದ ಕೈ ಅಪ್ಪಂದೇ ಅಲ್ವಾ?” ಅಂದಳು. “ಯಾರಾದ್ರೂ ಹೇಳಿದ್ರು ಅಂತ ವಿಷ ಕುಡೀತಾರಾ?”

ವಾದ ಮಾಡಲು ನಾನೇನು ಓದಿದವಳೇ? “ಬಾ ಇಲ್ಲಿ” ಅಂತ ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಬೇಡ ಬೇಡ ಅಂದಳು. ಇಬ್ಬರಿಗೂ ಮಾಸ್ಕು ಕಟ್ಟಿದೆ, ಅದರ ಮೇಲೆ ಇನ್ನೊಂದು ಬಟ್ಟೆ ಕಟ್ಟಿದೆ. ಮೊಣಕೈ ಪಕ್ಕೆಗೆ ಒತ್ತಿಸಿ ನಿಲ್ಲಿಸಿದೆ. ಅವಳ ಕೈ ಅಪ್ಪನದೇ, ನಡುಗುವುದಿಲ್ಲ. ಫ್ಯಾನು ಹಾಕಿ ನಾಲ್ಕು ಅಲಗಿನ ಅಂಚು ತೆಗೆಯಲು ಹೇಳಿದೆ. ನಾಲ್ಕೂ ಸುಟ್ಟವು. “ಥೂ, ಎಲ್ಲಿ ನಿಲ್ಲಿಸ್ಬೇಕು ಅಂತಾನೇ ಗೊತ್ತಾಗಲ್ಲ” ಅಂತ ರೇಗಿದಳು. ಆಗ ಒಂದೇ ಒಂದು ಎಳೆತಕ್ಕೆ ನಾನು ಫ್ಯಾನು ಆರಿಸಿದೆ. ಕೇಳು ಅಂತಲೂ ಅನ್ನಲಿಲ್ಲ. ಅವಳು ತಲೆ ಒಂದು ಚೂರು ವಾಲಿಸಿದಳು. ಸದ್ದು ಸಣ್ಣಗಾಗುತ್ತಲೇ ಕೈ ಎತ್ತಿದಳು. ಅಂಚು ನೋಡಿ ಕಣ್ಣರಳಿಸಿದಳು.

ನಾನು ಫ್ಯಾನು ಹಾಕಿದೆ, ಇನ್ನೊಂದು ಅಲಗು ಕೊಟ್ಟೆ. ಬಲಕ್ಕೆ ಒಂದು ಎಳೆತ, ಎಡಕ್ಕೆ ಒಂದು. ಮೂರನೆಯದಕ್ಕೆ ಅವಳ ಎಡಗೈ ಅಲಗು ಬಿಟ್ಟು ಸ್ವಿಚ್ಚಿನ ಕಡೆ ಹೋಯಿತು. ಕಣ್ಣು ಬೆಲ್ಟಿನ ಮೇಲೆಯೇ ಇತ್ತು. ಕೈ ಹೋದದ್ದು ಅವಳಿಗೆ ಗೊತ್ತಿರಲಿಲ್ಲ. ನಾನು ಹಿಡಿದುಕೊಂಡೆ.

ಅವಳು ನನ್ನ ಕೈ ನೋಡಿದಳು, ತನ್ನ ಕೈ ನೋಡಿದಳು. ನರ್ಸಿಂಗ್ ಓದುವ ಹುಡುಗಿ ಅಣ್ಣಾ, ಆ ಧೂಳು ಎದೆಯೊಳಗೆ ಏನು ಮಾಡುತ್ತದೆ ಅಂತ ಪುಸ್ತಕದಲ್ಲಿ ಚಿತ್ರ ಬರೆದಿದ್ದಾಳೆ. ಮೆಷೀನು ಆರಿಸಿ ಹೊರಗೆ ಬಂದು ಹಿತ್ತಲಿನ ಕಲ್ಲಿನ ಮೇಲೆ ಕೂತೆವು. ಬೆರಳಿನ ಕಪ್ಪು ಒರೆಸಿಕೊಳ್ಳುತ್ತಾ, “ಅಪ್ಪ ದಿನಕ್ಕೆ ಎಷ್ಟು ಕೆಡಿಸ್ತಿದ್ರು?” ಅಂದಳು.

“ಒಂದೂ ಇಲ್ಲ ಅಂತಿದ್ರು” ಅಂದೆ.

ಆಗ ಅತ್ತಳು. ಅವರು ಹೋಗಿ ಎಂಟು ತಿಂಗಳಾದ ಮೇಲೆ.

ನಿನ್ನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಅದು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅಣ್ಣ ಅಂತ ಬರೆದದ್ದು ನಿನ್ನ ಎದೆಯ ವಿಷಯ ಓದಿ. ಎಕ್ಸ್-ರೇ ತೆಗೆಸು. ನನಗೆ ಇನ್ನೊಬ್ಬರ ಹಾಸಿಗೆಯ ಪಕ್ಕ ಕೂರುವ ಶಕ್ತಿ ಇಲ್ಲ, ಆದರೂ ತೆಗೆಸು.

ನನ್ನ ಮಗಳಿಗೆ ಗೊತ್ತಾಯಿತು. ಅಲ್ಲಿಗೆ ಮುಗಿಯಲಿಲ್ಲ. ಆ ಹೇಳಿಕೆ ಇನ್ನೂ ಕಚೇರಿಯಲ್ಲಿದೆ, ಕೆಳಗೆ ನಿನ್ನ ಸಹಿ ಇದೆ. ಆ ಐದು ಜನ ನಾಳೆ ಬೆಳಿಗ್ಗೆಯೂ ಫ್ಯಾನು ಆರಿಸಿಯೇ ಕೂರುತ್ತಾರೆ. ಅವರ ಮನೆಗಳಲ್ಲಿಯೂ ಯಾರಾದರೂ ಗಟ್ಟಿಯಾಗಿ ಓದುವವರು ಇರುತ್ತಾರೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಪುಟ್ಟಿ ಐದು ಗಂಟೆಯ ಬಸ್ಸಿಗೆ ಹೊರಟು ತಾನೇ ತಂದು ಕೊಡುತ್ತಾಳೆ. ಹಾಸ್ಟೆಲ್ಲಿಗೆ ಹೋಗುವ ದಾರಿ ಅದಲ್ಲ, ಅವಳಾಗಿ ಕೇಳಿದ್ದು. ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತಾಳಂತೆ. ಜಗಳ ಆಡುವುದಿಲ್ಲ ಅಂದಿದ್ದಾಳೆ. ರಾತ್ರಿ ನಿಮ್ಮ ಮನೆಯಲ್ಲೇ ಉಳಿಯುತ್ತಾಳೆ.

ನಾಳೆ ಸೋಮವಾರ. ವಿಚಾರಣೆಯ ಕಚೇರಿ ಹತ್ತು ಗಂಟೆಗೆ ತೆರೆಯುತ್ತದೆ.

ನಿನ್ನ ತಂಗಿ